ಅವಳಿಗೆ ನೀನಂದ್ರೆ ಇಷ್ಟ ಕಣೋ

ಈ ವಿಡಿಯೋ ಅರವತ್ತರ ದಶಕದ ಮೊದಲ ವರ್ಷಗಳ ಬ್ರಿಟಿಷ್ ಪಾಪ್ ಹಾಡುಗಳ ಸಾಹಿತ್ಯದ ಬಗ್ಗೆ. ಈಗ ನಿಮಗೆ ಕಾಣುತ್ತಿರುವುದು ಉತ್ತರ ಲಂಡನ್ನಿನ ಹಾಲೊವೇ ರೋಡ್. ಬಸ್ಸಿನ ಹಿಂದೆ ಬಸ್ಸು. ಕೆಳಗೆ ಸಾಲು ಅಂಗಡಿ, ಮೇಲೆ ಮನೆಗಳು. ನಾನು ನಿಂತಿರುವುದು 304ನೇ ನಂಬರಿನ ಎದುರು. ಹಾಗೇ ತಲೆ ಎತ್ತಿ ನೋಡಿ, ಗೋಡೆಯ ಮೇಲೆ ಒಂದು ಫಲಕ ಇದೆ. ಜೋ ಮೀಕ್ ಅನ್ನುವ ರೆಕಾರ್ಡ್ ಪ್ರೊಡ್ಯೂಸರ್ ಇಲ್ಲಿ ವಾಸವಾಗಿದ್ದರು ಅಂತ ಬರೆದಿದ್ದಾರೆ.

ಅವರು ಬಾಡಿಗೆಗೆ ಬಂದಾಗ ಕೆಳಗೆ ಚರ್ಮದ ಸಾಮಾನು ಮಾರುವ ಅಂಗಡಿ ಇತ್ತು. ಮೇಲಿನ ಮನೆಯನ್ನೇ ಅವರು ಸ್ಟುಡಿಯೋ ಮಾಡಿಕೊಂಡರು. ಸಂಗೀತ ಓದೋಕೆ, ಬರೆಯೋಕೆ ಅವರಿಗೆ ಬರುತ್ತಿರಲಿಲ್ಲ. ತಲೆಯಲ್ಲಿದ್ದ ರಾಗವನ್ನು ಬಾಯಲ್ಲೇ ಹಾಡಿ ತೋರಿಸುತ್ತಿದ್ದರು, ವಾದ್ಯದವರು ಅದನ್ನು ಹಿಡಿದುಕೊಳ್ಳಬೇಕಿತ್ತು. 1961ರ ಬೇಸಿಗೆಯಲ್ಲಿ ಜಾನ್ ಲೇಟನ್ ಅನ್ನುವ ಯುವ ನಟ ಇಲ್ಲಿಗೆ ಬಂದು ‘ಜಾನಿ ರಿಮೆಂಬರ್ ಮಿ’ ಹಾಡಿದರು. ಹಾಡುಗಾರ ನಡುಮನೆಯಲ್ಲಿ, ಒಂದು ಪರದೆಯ ಹಿಂದೆ. ಪಿಟೀಲಿನವರು ಮೆಟ್ಟಿಲುಗಳ ಮೇಲೆ. ಕೋರಸ್ ಹಾಡುವವರು ಹೆಚ್ಚುಕಮ್ಮಿ ಟಾಯ್ಲೆಟ್ಟಿನಲ್ಲಿ. ಕಹಳೆಯವರು ಕೆಳಗಿನ ಮಹಡಿಯಲ್ಲಿ. ಮನೆ ತುಂಬ ಜನ, ತಂತಿ, ಮೈಕು. ರೆಕಾರ್ಡು ಮಾರಾಟದಲ್ಲಿ ಆ ಹಾಡು ಇಡೀ ಬ್ರಿಟನ್ನಿಗೆ ಒಂದನೇ ನಂಬರ್ ಆಯಿತು.

ಹಾಡಿನ ಕಥೆ ಕೇಳಿ. ಒಬ್ಬ ಹುಡುಗ. ಅವನು ಪ್ರೀತಿಸಿದ ಹುಡುಗಿ ಈಗಿಲ್ಲ. ಮಂಜು ಕವಿದ ಬಯಲಿನಲ್ಲಿ, ಮರಗಳ ನಡುವೆ ಗಾಳಿ ಬೀಸಿದಾಗೆಲ್ಲ ಅವಳ ದನಿ ಕೇಳಿಸುತ್ತದೆ. ‘ಜಾನಿ, ನನ್ನನ್ನು ಮರೆಯಬೇಡ’ ಅಂತ. ಹಿಂದೆ ಕುದುರೆ ಓಟದ ತಾಳ. ನಮ್ಮ ಕಡೆಯಾಗಿದ್ದರೆ ‘ಗಾಳಿ ಸೋಕಿದೆ’ ಅಂತ ನಿಂಬೆಹಣ್ಣು ಇಳಿಸಿಬಿಡುತ್ತಿದ್ದರು. ನನಗೆ ಈಗಲೂ ರಾತ್ರಿ ಹೊತ್ತು ಒಬ್ಬಳೇ ಈ ಹಾಡು ಕೇಳಿದರೆ ಮೈ ಜುಮ್ಮೆನ್ನುತ್ತದೆ.

ಇಲ್ಲಿ ಒಂದು ಪದದ ವಿಷಯ ಹೇಳಲೇಬೇಕು. ಜೆಫ್ ಗೊಡಾರ್ಡ್ ಅವರು ಈ ಹಾಡು ಬರೆದಾಗ, ‘ಒಂದು ವರ್ಷದ ಹಿಂದೆ ತೀರಿಕೊಂಡ ಹುಡುಗಿ’ ಅಂತ ಇತ್ತು. ಸಾವಿನ ಹಾಡುಗಳು ಅಂದರೆ ಆಗ ಬಿಬಿಸಿಗೆ ಆಗುತ್ತಿರಲಿಲ್ಲ. ಹಾಗಾಗಿ ಆ ಸಾಲನ್ನು ‘ಒಂದು ವರ್ಷದ ಹಿಂದೆ ಕಳೆದುಕೊಂಡ ಹುಡುಗಿ’ ಅಂತ ಬದಲಿಸಿದರು. ಸಾವು ಅನ್ನುವ ಪದ ಹೋಯಿತು. ಆದರೆ ಸಾವು ಹೋಯಿತಾ? ನಮ್ಮಲ್ಲೂ ಹಾಗೇ ಅಲ್ವಾ. ‘ಅವರು ಚಿಕ್ಕ ವಯಸ್ಸಿಗೇ ಅಪ್ಪನನ್ನು ಕಳೆದುಕೊಂಡರು’ ಅಂತೀವಿ. ಜಾತ್ರೆಯಲ್ಲಿ ಕಳೆದುಹೋದರು ಅಂತ ಯಾರೂ ತಿಳಿಯುವುದಿಲ್ಲ. ಪದ ಮೆತ್ತಗಾಯಿತು, ನೋವು ಇನ್ನೂ ಜಾಸ್ತಿಯಾಯಿತು. ನನ್ನನ್ನು ಕೇಳಿದರೆ, ಬದಲಿಸಿದ ಸಾಲೇ ಮೊದಲಿನದಕ್ಕಿಂತ ಚೆನ್ನ.

ಅರವತ್ತರ ದಶಕದ ಬ್ರಿಟಿಷ್ ಪಾಪ್ ಅಂದ ತಕ್ಷಣ ಎಲ್ಲರೂ ಬೀಟಲ್ಸ್ ಅಂತಾರೆ. ಅದಕ್ಕೂ ಮುಂಚಿನ ಎರಡು ಮೂರು ವರ್ಷ ಇದೆಯಲ್ಲ, ಅದನ್ನು ‘ಸಾಹಿತ್ಯ ಇಲ್ಲದ ಹಾಡುಗಳು, ಸುಮ್ನೆ ಹುಡುಗಾಟ’ ಅಂತ ತಳ್ಳಿಹಾಕುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಈ ವಿಡಿಯೋ ಮಾಡುತ್ತಿರುವುದೇ ಅದಕ್ಕೆ. ಆ ಹಾಡುಗಳಲ್ಲಿ ದೊಡ್ಡ ದೊಡ್ಡ ಪದ ಇಲ್ಲ, ನಿಜ. ಇರುವುದು ಮಾತು. ಮನೆಯಲ್ಲಿ, ಬಸ್ ಸ್ಟಾಪಿನಲ್ಲಿ, ಸ್ಕೂಲ್ ಗೇಟಿನಲ್ಲಿ ಆಡುವ ಮಾತು. ಅದನ್ನೇ ಎತ್ತಿಕೊಂಡು ಪಲ್ಲವಿ ಮಾಡಿದ್ದಾರೆ.

ಒಂದೇ ಒಂದು ತಿಂಗಳು ತೆಗೆದುಕೊಳ್ಳೋಣ. 1961ರ ಆಗಸ್ಟ್. ತಿಂಗಳ ಮೊದಲಿಗೆ ಒಂದನೇ ಸ್ಥಾನದಲ್ಲಿ ಈಡನ್ ಕೇನ್ ಅವರ ‘ವೆಲ್ ಐ ಆಸ್ಕ್ ಯೂ’. ಆಮೇಲೆ ಹೆಲೆನ್ ಶಪೀರೋ ಅವರ ‘ಯೂ ಡೋಂಟ್ ನೋ’. ತಿಂಗಳ ಕೊನೆಗೆ ಈ ಮನೆಯಿಂದ ಹೊರಟ ಜಾನಿ. ಮೂರಕ್ಕೆ ಮೂರೂ ಎದುರಿಗಿದ್ದವರ ಜೊತೆ ಆಡುವ ಮಾತು. ಒಬ್ಬರು ಜಗಳಕ್ಕೆ ನಿಂತಿದ್ದಾರೆ, ಒಬ್ಬರಿಗೆ ಬಾಯಿ ಬಿಡೋಕೆ ಆಗುತ್ತಿಲ್ಲ, ಒಬ್ಬಳು ಸತ್ತ ಮೇಲೂ ಮಾತು ನಿಲ್ಲಿಸಿಲ್ಲ.

‘ವೆಲ್ ಐ ಆಸ್ಕ್ ಯೂ’ ಅಂದರೆ ‘ನಾನು ನಿನ್ನನ್ನು ಕೇಳುತ್ತೇನೆ’ ಅಂತಲ್ಲ. ಇಂಗ್ಲಿಷಿನವರು ಬೇಜಾರಾದಾಗ ಆಡುವ ಮಾತು ಅದು. ‘ಇದು ನ್ಯಾಯಾನಾ? ನೀನೇ ಹೇಳು’ ಅಂತೀವಲ್ಲ, ಆ ಥರ. ಕೈಕೊಟ್ಟ ಹುಡುಗಿಯ ಮುಂದೆ ಕೈ ಚಾಚಿ ನಿಂತ ಹುಡುಗನ ಮಾತು. ಇದನ್ನು ಬರೆದ ಲೆಸ್ ವಾನ್‌ಡೈಕ್ ಅವರಿಗೆ ಇಂಥ ಮಾತು ಹೆಕ್ಕುವ ಕಿವಿ ಇತ್ತು. ಅವರದೇ ಇನ್ನೊಂದು ಹಾಡು ಆ್ಯಡಮ್ ಫೇತ್ ಹಾಡಿದ ‘ವಾಟ್ ಡು ಯೂ ವಾಂಟ್?’, 1959ರದು. ಎರಡು ನಿಮಿಷವೂ ಇಲ್ಲ. ‘ನಿನಗೆ ಏನು ಬೇಕು ಹೇಳು, ತಂದುಕೊಡ್ತೀನಿ’ ಅಷ್ಟೇ ವಿಷಯ. ವಾದ್ಯ ಸಂಯೋಜನೆ ಮಾಡಿದ ಜಾನ್ ಬ್ಯಾರಿ ಅವರು ಪಿಟೀಲಿನ ತಂತಿಗಳನ್ನು ಕಮಾನಿನಿಂದ ಎಳೆಸದೆ ಬೆರಳಿನಿಂದ ಮೀಟಿಸಿದ್ದಾರೆ. ಹುಡುಗನ ಆತುರ ಪೂರ್ತಿ ಆ ಟಿಕ್ ಟಿಕ್‌ನಲ್ಲೇ ಇದೆ.

ಹೇಳೋಕೆ ಮರೆತೆ, ಈಡನ್ ಕೇನ್ ಅವರ ನಿಜವಾದ ಹೆಸರು ರಿಚರ್ಡ್ ಸಾರ್ಸ್ಟೆಟ್. ಹುಟ್ಟಿದ್ದು ದೆಹಲಿಯಲ್ಲಿ. ಆ ವರ್ಷಗಳಲ್ಲಿ ಮತ್ತೆ ಮತ್ತೆ ಒಂದನೇ ಸ್ಥಾನಕ್ಕೆ ಬರುತ್ತಿದ್ದ ಹಾಡುಗಾರ ಕ್ಲಿಫ್ ರಿಚರ್ಡ್ ಹುಟ್ಟಿದ್ದು ಲಖನೌದಲ್ಲಿ, 1940ರಲ್ಲಿ. ಮನೆಯವರೆಲ್ಲ ಹಡಗು ಹತ್ತಿ ಇಲ್ಲಿಗೆ ಬಂದಿದ್ದು 1948ರಲ್ಲಿ. ಅವರ ‘ದಿ ಯಂಗ್ ಒನ್ಸ್’ 1962ರಲ್ಲಿ ಹೊರಬರುವ ಮೊದಲೇ ಐದು ಲಕ್ಷಕ್ಕಿಂತ ಹೆಚ್ಚು ರೆಕಾರ್ಡಿಗೆ ಆರ್ಡರ್ ಬಂದಿತ್ತು.

ಈಗ ಹೆಲೆನ್ ಶಪೀರೋ. ಲಂಡನ್ನಿನ ಈಸ್ಟ್ ಎಂಡಿನ ಹುಡುಗಿ. ‘ಯೂ ಡೋಂಟ್ ನೋ’ ಒಂದನೇ ಸ್ಥಾನಕ್ಕೆ ಬಂದಾಗ ವಯಸ್ಸು 14. ಇನ್ನೂ ಸ್ಕೂಲಿಗೆ ಹೋಗುತ್ತಿದ್ದವರು. ಆದರೆ ದನಿ ಕೇಳಿ, ಮೂವತ್ತು ದಾಟಿದವರ ದನಿಯ ಹಾಗೆ ಆಳ. ಹಾಡಿನಲ್ಲಿ ಹೇಳುವುದು ಇಷ್ಟೇ: ನಿನ್ನನ್ನು ಎಷ್ಟು ಇಷ್ಟಪಡುತ್ತೇನೆ ಅಂತ ನಿನಗೆ ಗೊತ್ತಿಲ್ಲ. ಹೇಳೋಕೆ ಧೈರ್ಯ ಇಲ್ಲ. ಹದಿನಾಲ್ಕು ವಯಸ್ಸಿನಲ್ಲಿ ಎಲ್ಲರ ಎದೆಯಲ್ಲೂ ಇದ್ದ ಒಂದೇ ಒಂದು ಗುಟ್ಟು ಅದು. ಅದನ್ನು ಬೇರೆ ಯಾರೋ ದೊಡ್ಡವರು ಹಾಡಿದ್ದರೆ ಬರೀ ಹಾಡಾಗಿರುತ್ತಿತ್ತು. ಅದೇ ವಯಸ್ಸಿನವರು, ಅಷ್ಟು ದೊಡ್ಡ ದನಿಯಲ್ಲಿ ಹಾಡಿದರಲ್ಲ, ಅದಕ್ಕೇ ಕೇಳಿದ ಹುಡುಗಿಯರಿಗೆಲ್ಲ ತಮ್ಮದೇ ಮಾತು ಅನಿಸಿರಬೇಕು.

ಇದನ್ನೆಲ್ಲ ಅವರು ಕೇಳುತ್ತಿದ್ದದ್ದು ಎಲ್ಲಿ? ಬಿಬಿಸಿಯ ರೇಡಿಯೋದಲ್ಲಿ ರೆಕಾರ್ಡು ಹಾಕೋಕೆ ದಿನಕ್ಕೆ ಇಷ್ಟೇ ಹೊತ್ತು ಅಂತ ಮಿತಿ ಇತ್ತು. ಹಾಗಾಗಿ ರಾತ್ರಿ ಹೊದಿಕೆಯೊಳಗೆ ಟ್ರಾನ್ಸಿಸ್ಟರ್ ಇಟ್ಟುಕೊಂಡು ರೇಡಿಯೋ ಲಕ್ಸೆಂಬರ್ಗ್ ಹಿಡಿಯುತ್ತಿದ್ದರು. ದನಿ ಬರುವುದು, ಹೋಗುವುದು, ಮತ್ತೆ ಬರುವುದು. ನಮ್ಮಜ್ಜನ ಕಾಲದವರಿಗೆ ಇದು ಹೊಸದಲ್ಲ. 1952ರಲ್ಲಿ ಆಕಾಶವಾಣಿ ಸಿನಿಮಾ ಹಾಡುಗಳಿಗೆ ಬಾಗಿಲು ಹಾಕಿದಾಗ ನಮ್ಮವರೆಲ್ಲ ರೇಡಿಯೋ ಸಿಲೋನ್‌ಗೆ ಮುಳ್ಳು ತಿರುಗಿಸಿದ್ದರು. ಮನೆಯ ರೇಡಿಯೋ ಕೊಡದ ಹಾಡನ್ನು ಪಕ್ಕದ ದೇಶದ ರೇಡಿಯೋ ಕೊಟ್ಟಿತು. ಎರಡೂ ಕಡೆ ಒಂದೇ ಕಥೆ.

ಹಾಗೇ ಎರಡು ಹಾಡು ಬೇಗ ಹೇಳಿಬಿಡುತ್ತೇನೆ. 1960ರಲ್ಲಿ ಲಾನಿ ಡಾನೆಗನ್ ಅವರ ‘ಮೈ ಓಲ್ಡ್ ಮ್ಯಾನ್ಸ್ ಎ ಡಸ್ಟ್‌ಮ್ಯಾನ್’ ಬಿಡುಗಡೆಯಾದ ಕೂಡಲೇ ನೇರ ಒಂದನೇ ಸ್ಥಾನಕ್ಕೆ ಬಂತು. ‘ನಮ್ಮಪ್ಪ ಕಸ ಎತ್ತುವವನು’ ಅಂತ ಅರ್ಥ. ಅಪ್ಪನ ಟೋಪಿ, ಅಪ್ಪನ ಪ್ಯಾಂಟು, ಮುನಿಸಿಪಾಲಿಟಿ ಕೊಟ್ಟ ಮನೆ, ಎಲ್ಲ ಹಾಡಿನಲ್ಲಿದೆ. 1962ರಲ್ಲಿ ‘ಕಮ್ ಔಟ್‌ಸೈಡ್’. ಹುಡುಗ ಹಾಡಿ ಹಾಡಿ ಹೊರಗೆ ಕರೆಯುತ್ತಾನೆ. ಹುಡುಗಿ ವೆಂಡಿ ರಿಚರ್ಡ್ ಹಾಡುವುದೇ ಇಲ್ಲ, ಪಕ್ಕಾ ಲಂಡನ್ ಭಾಷೆಯಲ್ಲಿ ‘ಯಾಕೆ?’ ಅಂತ ಮಾತಲ್ಲೇ ತಿರುಗಿ ಕೇಳುತ್ತಾರೆ. ಮಾತೇ ಹಾಡಿಗಿಂತ ಮೇಲಾಗುತ್ತದೆ ಅಲ್ಲಿ.

ಇದೇ 304ರ ಮನೆಯಿಂದ 1962ರಲ್ಲಿ ‘ಟೆಲ್‌ಸ್ಟಾರ್’ ಅನ್ನುವ ಹಾಡೂ ಹೊರಟಿತು, ಅದು ಒಂದು ಉಪಗ್ರಹದ ಹೆಸರು. ಆ ಹಾಡಿಗೆ ಸಾಹಿತ್ಯವೇ ಇಲ್ಲ, ಬರೀ ವಾದ್ಯ. ಹಾಗಾಗಿ ಇವತ್ತಿನ ವಿಷಯಕ್ಕೆ ಸೇರುವುದಿಲ್ಲ. ಆದರೂ ಒಂದು ಮಾತು. ಅದರಲ್ಲಿ ಮೇಲೆ ಹಾರುವ ಆ ದನಿ ಕ್ಲಾವಿಯೋಲಿನ್ ಅನ್ನುವ ವಾದ್ಯದ್ದು. 1954ರ ‘ನಾಗಿನ್’ ಸಿನಿಮಾದಲ್ಲಿ ಹಾವಾಡಿಗನ ಪುಂಗಿಯ ದನಿ ಇದೆಯಲ್ಲ, ಅದನ್ನು ಕಲ್ಯಾಣ್‌ಜಿ ನುಡಿಸಿದ್ದೂ ಇದೇ ವಾದ್ಯದಲ್ಲಿ. ಅಲ್ಲಿ ಹಾವು, ಇಲ್ಲಿ ಉಪಗ್ರಹ.

ಈಗ ಕ್ಯಾಮೆರಾ ಮನೆಗೆ ಬಂದಿದೆ. ನಮ್ಮ ಮನೆಯಲ್ಲ, ಪಕ್ಕದ ಮನೆಯ ಅಜ್ಜಿಯದು. ಮುಖ ತೋರಿಸಬೇಡ ಅಂದಿದ್ದಾರೆ, ಅದಕ್ಕೆ ಬರೀ ಕೈ ಕಾಣುತ್ತಿದೆ. ಅವರ ಕೈಯಲ್ಲಿರುವುದು ಏಳು ಇಂಚಿನ ಒಂದು ತಟ್ಟೆ. ಕಪ್ಪು ಲೇಬಲ್, ಬೆಳ್ಳಿ ಬಣ್ಣದ ಅಕ್ಷರ. ಪಾರ್ಲೊಫೋನ್ ಕಂಪನಿಯದು. ಹೆಸರು ‘ಶೀ ಲವ್ಸ್ ಯೂ’, ಬೀಟಲ್ಸ್ ಹಾಡು. ಲೇಬಲ್ ಮೇಲೆ ನೀಲಿ ಇಂಕಿನಲ್ಲಿ ಅವರ ಹೆಸರಿನ ಮೊದಲ ಅಕ್ಷರ ಇದೆ. ಗೆಳತಿಯರ ಮನೆಗೆ ರೆಕಾರ್ಡು ತೆಗೆದುಕೊಂಡು ಹೋದಾಗ ಅದಲುಬದಲಾಗದಿರಲಿ ಅಂತ ಬರೆದಿದ್ದಂತೆ. ಆಗ ಅವರಿಗೆ 15.

ಬ್ರಾಕೆಟ್ಟಿನಲ್ಲಿ ಸಣ್ಣಗೆ ಬರೆದದ್ದು ನೋಡಿ: ಲೆನನ್-ಮೆಕಾರ್ಟ್ನಿ. ಹಾಡು ಬರೆದ ಬೀಟಲ್ಸ್ ಹುಡುಗರಿಬ್ಬರು. ಇದರ ಹಿಂದಿನ ಹಾಡಿನ ಲೇಬಲ್ಲಿನಲ್ಲಿ ಮೆಕಾರ್ಟ್ನಿ-ಲೆನನ್ ಅಂತ ಇತ್ತು. ಆ ಹಿಂದಿನ ಹಾಡು ‘ಫ್ರಮ್ ಮಿ ಟು ಯೂ’. ಅದು ಹುಟ್ಟಿದ್ದು 1963ರ ಫೆಬ್ರವರಿಯಲ್ಲಿ, ಯಾರ್ಕ್‌ನಿಂದ ಶ್ರೂಸ್ಬರಿಗೆ ಹೋಗುವ ಕಛೇರಿ ಪ್ರವಾಸದ ಬಸ್ಸಿನಲ್ಲಿ. ಒಂದು ಸಂಗೀತ ಪತ್ರಿಕೆಯ ಓದುಗರ ಓಲೆಯ ಅಂಕಣಕ್ಕೆ ‘ನಿಮ್ಮಿಂದ ನಮಗೆ’ ಅಂತ ಹೆಸರಿತ್ತು, ಅದರಿಂದ ಹೊಳೆದದ್ದು. ಆ ಪ್ರವಾಸ ಯಾರದು ಗೊತ್ತಾ? ಹೆಲೆನ್ ಶಪೀರೋ ಅವರದು. ಪೋಸ್ಟರಿನಲ್ಲಿ ದೊಡ್ಡ ಹೆಸರು ಹೆಲೆನ್, 16 ವಯಸ್ಸು. ಬೀಟಲ್ಸ್ ಅವರ ಜೊತೆಗೆ ಬಂದ ಸಣ್ಣ ತಂಡ. ‘ಫ್ರಮ್ ಮಿ ಟು ಯೂ’ ಮೇ ತಿಂಗಳಲ್ಲಿ ಒಂದನೇ ಸ್ಥಾನಕ್ಕೆ ಹೋಯಿತು. ಹೆಲೆನ್ ಅವರಿಗೆ ಆ ಸ್ಥಾನ ಮತ್ತೆ ಸಿಗಲಿಲ್ಲ. ಈ ಮಾತು ಹೇಳುವಾಗ ನನಗೆ ಸಂಕಟವಾಗುತ್ತದೆ.

‘ಶೀ ಲವ್ಸ್ ಯೂ’ ಶುರುವಾಗಿದ್ದು ಆ ಜೂನ್‌ನಲ್ಲಿ, ನ್ಯೂಕ್ಯಾಸಲ್‌ನ ಒಂದು ಹೋಟೆಲ್ ರೂಮಿನಲ್ಲಿ. ಮುಗಿದದ್ದು ಲಿವರ್‌ಪೂಲ್‌ನಲ್ಲಿ, ಪಾಲ್ ಮೆಕಾರ್ಟ್ನಿ ಅವರ ಮನೆಯಲ್ಲಿ. ಹುಡುಗರಿಬ್ಬರೂ ಪಾಲ್ ಅವರ ಅಪ್ಪನಿಗೆ ಹಾಡಿ ತೋರಿಸಿದರು. ಅಪ್ಪ ಜಿಮ್ ಅವರಿಗೆ ಹಾಡು ಇಷ್ಟವಾಯಿತು, ಪಲ್ಲವಿಯ ‘ಯೆ ಯೆ ಯೆ’ ಮಾತ್ರ ಇಷ್ಟವಾಗಲಿಲ್ಲ. ಅಮೆರಿಕದವರ ಮಾತು ಈಗಲೇ ಜಾಸ್ತಿಯಾಗಿದೆ, ‘ಯೆಸ್ ಯೆಸ್ ಯೆಸ್’ ಅನ್ನಬಾರದೇ ಅಂದರು. ಹುಡುಗರು ನಕ್ಕುಬಿಟ್ಟರು. ಜುಲೈ 1ರಂದು ಸ್ಟುಡಿಯೋದಲ್ಲಿ ಸೌಂಡ್ ಎಂಜಿನಿಯರ್ ನಾರ್ಮನ್ ಸ್ಮಿತ್ ಸ್ಟ್ಯಾಂಡಿನ ಮೇಲಿದ್ದ ಸಾಹಿತ್ಯದ ಹಾಳೆ ಓದಿದರು. ಬರೀ ‘ಯೆ ಯೆ ಯೆ’. ಇದೇನೂ ಚೆನ್ನಾಗಿರುವ ಹಾಗಿಲ್ಲ ಅಂದುಕೊಂಡರಂತೆ. ಆಮೇಲೆ ಹುಡುಗರು ಹಾಡೋಕೆ ಶುರು ಮಾಡಿದರು. ಅಭಿಪ್ರಾಯ ಅಲ್ಲೇ ಬದಲಾಯಿತು. ಆ ದಶಕದಲ್ಲಿ ಬ್ರಿಟನ್ನಿನಲ್ಲಿ ಅತಿ ಹೆಚ್ಚು ಮಾರಾಟವಾದ ಸಿಂಗಲ್ ಇದೇ ಆಯಿತು. ಅದರ ಮಾರಾಟದ ದಾಖಲೆ 1977ರವರೆಗೂ ಮುರಿಯಲಿಲ್ಲ.

ನನಗೆ ಈ ಹಾಡಿನಲ್ಲಿ ಇಷ್ಟವಾಗುವುದು ಯಾರು ಯಾರಿಗೆ ಹೇಳುತ್ತಿದ್ದಾರೆ ಅನ್ನುವುದು. ‘ನಾನು ನಿನ್ನ’ ಅನ್ನುವ ಹಾಡಲ್ಲ ಇದು. ಗೆಳೆಯ ಗೆಳೆಯನಿಗೆ ಹೇಳುತ್ತಿದ್ದಾನೆ. ನಿನ್ನೆ ಅವಳು ಸಿಕ್ಕಿದ್ದಳು, ಅವಳ ಮನಸ್ಸಿನಲ್ಲಿ ನೀನೇ ಇದ್ದೀಯ, ಜಂಬ ಬಿಡು, ತಪ್ಪು ನಿನ್ನದು, ಹೋಗಿ ಕ್ಷಮೆ ಕೇಳು. ನಮ್ಮ ಹಳೆಯ ಪದಗಳಲ್ಲಿ ನಾಯಕಿಯ ಮಾತು ಹೊತ್ತು ತರುವ ಸಖಿ ಇರುತ್ತಾಳಲ್ಲ, ಆ ಕೆಲಸವನ್ನು ಇಲ್ಲಿ ಒಬ್ಬ ಹುಡುಗ ಮಾಡುತ್ತಿದ್ದಾನೆ. ತನಗಾಗಿ ಏನೂ ಕೇಳದೆ.

ಇದನ್ನು ಕನ್ನಡಕ್ಕೆ ತರೋಕೆ ನೋಡಿದೆ. ‘ಅವಳು ನಿನ್ನನ್ನು ಪ್ರೀತಿಸುತ್ತಾಳೆ’ ಅಂತ ಬರೆದೆ. ಯಾರು ಹಾಗೆ ಮಾತಾಡುತ್ತಾರೆ? ಹೊಡೆದುಹಾಕಿದೆ. ಗೆಳೆಯನ ಹೆಗಲ ಮೇಲೆ ಕೈ ಹಾಕಿ ನಾವು ಹೇಳುವುದು ಹೀಗೆ: ‘ಅವಳಿಗೆ ನೀನಂದ್ರೆ ಇಷ್ಟ ಕಣೋ’. ಆಗ ಹೊಳೆಯಿತು. ಆ ‘ಯೆ’ ಅನ್ನುವುದು ಹೌದು ಅಲ್ಲವೇ ಅಲ್ಲ. ಅದು ಕಣೋ. ನಂಬೋ, ಕೇಳೋ, ನಾನು ಹೇಳ್ತಿದ್ದೀನಲ್ಲೋ, ಎಲ್ಲ ಸೇರಿಸಿದ ಕಣೋ. ಜಿಮ್ ಹೇಳಿದಂತೆ ‘ಯೆಸ್’ ಹಾಕಿದ್ದರೆ ಅದು ಕೇಳಿದ ಪ್ರಶ್ನೆಗೆ ಉತ್ತರ ಕೊಟ್ಟ ಹಾಗಾಗುತ್ತಿತ್ತು, ಗೆಳೆಯನ ಹೆಗಲು ಹಿಡಿದು ಅಲ್ಲಾಡಿಸಿದ ಹಾಗಾಗುತ್ತಿರಲಿಲ್ಲ.

ಅಜ್ಜಿಗೆ ಇದನ್ನು ಹೇಳಿದೆ. ಅವರಿಗೆ ಬಹಳ ಖುಷಿಯಾಯಿತು. ಎಲ್ಲಿ, ಆ ಪದ ಹೇಳಿಕೊಡು ಅಂದರು. ‘ಕಣೋ’ ಅಂದೆ. ‘ಣ’ ಬರಲಿಲ್ಲ, ‘ಕನೋ’ ಆಯಿತು. ಹುಡುಗಿಗೆ ಹೇಳುವುದಾದರೆ ‘ಕಣೇ’ ಅಂದೆ. ಹೌದಾ, ಹುಡುಗಿಗೆ ಬೇರೆನಾ ಅಂತ ಸ್ವಲ್ಪ ಹೊತ್ತು ಯೋಚಿಸಿದರು. ಆಮೇಲೆ ರೆಕಾರ್ಡಿನ ಅಂಚನ್ನು ಎರಡು ಅಂಗೈ ನಡುವೆ ಹಿಡಿದು, ಸ್ವೆಟರಿನ ತೋಳಿನಿಂದ ಧೂಳು ಒರೆಸಿ, ಪ್ಲೇಯರ್ ಮೇಲೆ ಇಟ್ಟರು. ಮುಳ್ಳು ಇಳಿಯುವಾಗ ಕಿರ್ ಅನ್ನುವ ಸದ್ದು ಕೇಳಿಸಿತಲ್ವಾ? ಈಗ ನಾನು ಮಾತು ನಿಲ್ಲಿಸುತ್ತೇನೆ. ಹಾಡು ಶುರುವಾದ ಮೇಲೆ ಅಜ್ಜಿಯ ಕೈ ಮಾತ್ರ ನೋಡಿ. ಮೂರು ‘ಯೆ’ಗೂ ಮೇಜಿನ ಮೇಲೆ ಮೂರು ಸಲ ಬೆರಳು ತಟ್ಟುತ್ತಾರೆ.