ಹತ್ತು ರೂಪಾಯಿ ಕೂಲಿಂಗು, ಒಂದು ಬಾಟಲಿ ಬಿಯರು

ನಮಸ್ಕಾರ, ಬನ್ನಿ. ಭಾನುವಾರ, ಸಂಜೆ ಏಳು ಗಂಟೆ. ಏಪ್ರಿಲ್ ಬಿಸಿಲಿಗೆ ಕಾದ ಬಾಲ್ಕನಿ ಗೋಡೆ ಇನ್ನೂ ಬೆಚ್ಚಗಿದೆ, ಒರಗಿದರೆ ಬೆನ್ನಿಗೆ ತಿಳಿಯುತ್ತದೆ. ಇಲ್ಲಿ ಕೂತು ಒಂದು ಬಿಯರ್ ಕುಡಿಯುವುದೇ ಇವತ್ತಿನ ವಿಡಿಯೋ. ಐದು ನಿಮಿಷದಲ್ಲಿ ಮುಗಿಯಬೇಕಿತ್ತು. ಮುಗಿಯಲಿಲ್ಲ.

ಇದು ಮಧ್ಯಾಹ್ನದ ಶಾಟ್. ಅಂಗಡಿ ಬೋರ್ಡ್ ಮಸುಕು ಮಾಡಿದ್ದೇನೆ, ಯಾವುದು ಅಂತ ಕೇಳಬೇಡಿ. 650 ಎಂಎಲ್‌ದು ಎರಡು ಕೊಡಿ ಅಂದೆ. "ಕೂಲಾ, ನಾರ್ಮಲ್ಲಾ?" ಅಂದ. ಬಿಯರನ್ನು ಯಾರಾದರೂ ನಾರ್ಮಲ್ ಕುಡಿಯುತ್ತಾರಾ? ಕೂಲ್ ಅಂದೆ. ಬಾಟಲಿಗೆ ಹತ್ತು ರೂಪಾಯಿ ಜಾಸ್ತಿಯಂತೆ. ಎಂಆರ್‌ಪಿ ಇಲ್ಲೇ ಇದೆಯಲ್ಲಪ್ಪ ಅಂತ ಲೇಬಲ್ ಮೇಲೆ ಬೆರಳಿಟ್ಟು ತೋರಿಸಿದೆ. "ಅದು ಬಿಯರಿಗೆ ಸಾರ್, ಇದು ಫ್ರಿಜ್ಜಿಗೆ" ಅಂದ. ಉತ್ತರ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಹಿಂದಿನವರು "ಬೇಗ ಗುರೂ" ಅನ್ನುತ್ತಿದ್ದರು. ಇಪ್ಪತ್ತು ರೂಪಾಯಿ ದೊಡ್ಡದಲ್ಲ, ಆದರೆ ಯಾಕೆ ಕೊಡಬೇಕು? ನಾರ್ಮಲ್ಲೇ ಕೊಡಿ ಅಂತ ಎದೆಯುಬ್ಬಿಸಿಕೊಂಡು ತಂದೆ.

ಮ್ಯಾಚು ಮೂರೂವರೆಗೆ. ಒಂದು ಬಾಟಲಿ ಫ್ರೀಜರಿಗೆ ಹಾಕಿದೆ, ಅರ್ಧ ಗಂಟೆಯಲ್ಲಿ ತೆಗೆದರಾಯಿತು ಅಂತ. ಇನ್ನೊಂದು ಅಡುಗೆಮನೆ ಕಟ್ಟೆಯ ಮೇಲೆ ಉಳಿಯಿತು. ಆಮೇಲೆ ಏನಾಯಿತು ಅಂತ ನಿಮಗೆ ಗೊತ್ತು. ಕೊನೆ ಓವರಿನಲ್ಲಿ ಒಳಗಿಂದ 'ಟಪ್' ಅಂತ ಸದ್ದು. ಪಕ್ಕದ ಮನೆ ಹುಡುಗನ ಚೆಂಡು ಅಂದುಕೊಂಡೆ.

ನೋಡಿ, ಇದು ಫ್ರೀಜರ್. ಬಾಟಲಿಯ ಹೊಟ್ಟೆ ಸೀಳಿ ಹಳದಿ ಮಂಜು ಹೊರಗೆ ಬಂದಿದೆ, ಗೋಲಾ ಥರ. ಆಲ್ಕೋಹಾಲ್ ಇದೆಯಲ್ಲ, ಗಟ್ಟಿಯಾಗಲ್ಲ ಅಂತ ನನ್ನ ಲೆಕ್ಕ. ಐದು ಪರ್ಸೆಂಟ್ ಆಲ್ಕೋಹಾಲ್ ಅಂದರೆ ಉಳಿದದ್ದು ಹೆಚ್ಚುಕಮ್ಮಿ ನೀರೇ. ಸೊನ್ನೆಗಿಂತ ಎರಡು ಮೂರು ಡಿಗ್ರಿ ಕೆಳಗೇ ಹೆಪ್ಪುಗಟ್ಟಲು ಶುರುವಾಗುತ್ತದೆ. ಫ್ರೀಜರಿನಲ್ಲಿ ಮೈನಸ್ 18. ನೀರು ಮಂಜಾಗುವಾಗ ನೂರಕ್ಕೆ ಒಂಬತ್ತು ಭಾಗದಷ್ಟು ಹಿಗ್ಗುತ್ತದೆ. ಗಾಜು ಹಿಗ್ಗುತ್ತದಾ?

ಬಿಯರ್ ಹೋದರೆ ಹೋಗಲಿ. ಆ ಪ್ಲಾಸ್ಟಿಕ್ ಕವರ್ ಕಾಣಿಸುತ್ತಿದೆಯಲ್ಲ, ಅದು ಹಿತಕಿದ ಅವರೆಬೇಳೆ. ಜನವರಿಯಲ್ಲಿ ಅಮ್ಮ ಎರಡು ದಿನ ಟಿವಿ ಮುಂದೆ ಕೂತು, ಒಂದೊಂದೇ ಕಾಳು ಹಿತಕಿ, ನನ್ನ ತಂಗಿಯ ಬಾಣಂತನ ಮುಗಿಸಿ ಬಂದ ಮೇಲೆ ಸಾರು ಮಾಡೋಣ ಅಂತ ಎತ್ತಿಟ್ಟದ್ದು. ಕವರ್ ಬಾಯಿ ಬಿಚ್ಚಿತ್ತು. ಈಗ ಅದರ ತುಂಬ ಗಾಜಿನ ಚೂರು. ತೊಳೆದು ಇಟ್ಟುಕೊಳ್ಳಬಹುದಾ ಅಂತ ಒಂದು ನಿಮಿಷ ಯೋಚಿಸಿದ್ದೂ ಹೌದು. ಬೇಡ. ಕಸಕ್ಕೆ ಹೋಯಿತು.

ಸರಿ, ಎರಡನೇ ಬಾಟಲಿ. ಈ ಸಲ ಬಕೆಟ್, ನೀರು, ಐಸು, ಎರಡು ಹಿಡಿ ಕಲ್ಲುಪ್ಪು. ಉಪ್ಪು ಬಿದ್ದರೆ ನೀರು ಸೊನ್ನೆಗಿಂತ ಕೆಳಗೆ ಇಳಿದರೂ ನೀರಾಗಿಯೇ ಇರುತ್ತದೆ, ಬಾಟಲಿಯನ್ನು ಸುತ್ತಲೂ ತಬ್ಬಿಕೊಳ್ಳುತ್ತದೆ. ಇಪ್ಪತ್ತು ನಿಮಿಷ, ಅಷ್ಟೇ. ಇದನ್ನು ಮೊದಲೇ ಮಾಡಬಹುದಿತ್ತು. ಐಸ್ ಪ್ಯಾಕೆಟ್ಟಿಗೆ ಎಷ್ಟಾಯಿತು ಅಂತ ಕೇಳಬೇಡಿ. ಇಪ್ಪತ್ತಕ್ಕಿಂತ ಜಾಸ್ತಿ.

ಅದು ತಣ್ಣಗಾಗುವವರೆಗೆ ಒಂದು ಮಾತು. ಬಾಟಲಿ ಕಂದು ಬಣ್ಣ ಇರುವುದು ಸುಮ್ನೆ ಅಲ್ಲ. ಬಿಯರಿಗೆ ಕಹಿ ಕೊಡುವುದು ಹಾಪ್ಸ್ ಅನ್ನುವ ಹೂವು. ಅದರ ಕಹಿಗೆ ಬಿಸಿಲು ತಾಗಿದರೆ ಕೆಟ್ಟ ನಾತ ಬರುತ್ತದೆ. ಕಂದು ಗಾಜು ಬೆಳಕನ್ನು ತಡೆಯುತ್ತದೆ, ಹಸಿರು ಗಾಜಿನ ಕೈಲಿ ಅಷ್ಟು ಆಗುವುದಿಲ್ಲ. ಬೆಂಗಳೂರಿಗೂ ಬಿಯರಿಗೂ ಹಳೇ ನಂಟು. ಯುನೈಟೆಡ್ ಬ್ರೂವರೀಸ್ ಶುರುವಾದದ್ದು 1915ರಲ್ಲಿ. ಇವತ್ತು ಯುಬಿ ಸಿಟಿ ಅನ್ನುವ ದುಬಾರಿ ಮಾಲ್ ಇದೆಯಲ್ಲ, ಅಲ್ಲಿ ಮೊದಲು ಅವರ ಬ್ರೂವರಿ, ಅಂದರೆ ಬಿಯರ್ ಕಾರ್ಖಾನೆ, ಇತ್ತು. ಆ ಕಡೆ ಸೈಕಲ್ಲಿನಲ್ಲಿ ಹೋದರೆ ಗಂಜಿ ಬೇಯಿಸಿದ ಹಾಗೆ ವಾಸನೆ ಬರುತ್ತಿತ್ತು ಅಂತ ನಮ್ಮ ಸೋದರಮಾವ ಹೇಳುತ್ತಿದ್ದರು. ಈಗ ಅಲ್ಲಿ ಒಂದು ಕೈಚೀಲದ ಬೆಲೆಗೆ ನನ್ನ ಜೀವಮಾನದ ಬಿಯರ್... ಅಯ್ಯೋ, ಟೈಮರ್ ಹೊಡೆಯಿತು.

ಗ್ಲಾಸ್ ಓರೆ ಹಿಡಿಯಿರಿ, ಆಮೇಲೆ ನೇರ ಮಾಡಿ. ಎರಡು ಬೆರಳು ನೊರೆ ಇರಬೇಕು. ಈ ಗ್ಲಾಸಿನಲ್ಲಿ ನೊರೆ ನಿಲ್ಲುತ್ತಿಲ್ಲ, ಯಾಕೆಂದರೆ ತೊಳೆದ ಸೋಪು ಸರಿಯಾಗಿ ಹೋಗಿಲ್ಲ. ತೊಳೆದವನು ನಾನೇ.

ಆಹಾ. ಮೊದಲ ಗುಟುಕು ಗಂಟಲು ಕೊರೆದುಕೊಂಡು ಇಳಿಯುತ್ತದೆ, ಮೂಗಿನ ತುದಿಗೆ ನೊರೆ, ಕಣ್ಣಲ್ಲಿ ಒಂದು ಹನಿ ನೀರು. ಇದಕ್ಕೇ ಕುಡಿಯುವುದು. ಎರಡನೇ ಗ್ಲಾಸಿನಲ್ಲಿ ಇಷ್ಟು ಸುಖ ಇಲ್ಲ, ಮೂರನೆಯದು ಬರೀ ಅಭ್ಯಾಸ. ಸ್ಟ್ರಾಂಗ್ ಬಿಯರ್ ಕುಡಿಯುವವರಿಗೆ ರುಚಿ ಬೇಕಿಲ್ಲ, ಏರಿದರೆ ಸಾಕು ಅಂತ ಹೋದ ವಿಡಿಯೋದಲ್ಲಿ ಹೇಳಿದ್ದೆ. ವಾಪಸ್ ತಗೊಳ್ಳುತ್ತೇನೆ. ಖಾರದ ಕಾಂಗ್ರೆಸ್ ಕಡ್ಲೆಬೀಜದ ಜೊತೆ ಸ್ಟ್ರಾಂಗೇ ಸರಿ, ಈ ಲೈಟು ಖಾರದ ಮುಂದೆ ನೀರಾಗಿ ನಿಲ್ಲುತ್ತದೆ. ನಿಪ್ಪಟ್ಟಿಗಾದರೆ ಲೈಟು. ಚಿಪ್ಸಿಗೆ ಯಾವುದೂ ಬೇಡ, ದುಡ್ಡು ದಂಡ.

ಬ್ಯಾಟರಿ ಕೆಂಪಾಗಿದೆ. ಅಮ್ಮ ನಾಳೆ ಬೆಳಗ್ಗೆ ಬಸ್ಸಿಗೆ ಬರುತ್ತಾರೆ, ಫ್ರೀಜರ್ ಒರೆಸಬೇಕು. ಏಪ್ರಿಲಿನಲ್ಲಿ ಹಿತಕಿದ ಬೇಳೆ ಎಲ್ಲಾದರೂ ಸಿಗುತ್ತದಾ? ಗೊತ್ತಿದ್ದವರು ಇವತ್ತು ರಾತ್ರಿಯೊಳಗೆ ಕಾಮೆಂಟ್ ಹಾಕಿ, ಎಷ್ಟಾದರೂ ಪರವಾಗಿಲ್ಲ, ಚೌಕಾಸಿ ಮಾಡುವುದಿಲ್ಲ.