ರೋಡ್ಸ್ ಪಿಯಾನೋ ಲ್ಯಾಪ್‌ಟಾಪ್‌ನಲ್ಲಿ: ಒಳ್ಳೆಯ ಸ್ಯಾಂಪಲ್ ಲೈಬ್ರರಿ ಗುರುತಿಸುವುದು ಹೇಗೆ?

(ಆಡಿಯೋ: ಒಂದೇ ಕಾರ್ಡ್, ಅಂದರೆ ಒಟ್ಟಿಗೆ ಒತ್ತಿದ ಸ್ವರಗಳು, ಎರಡು ಸಲ. ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ.)

ಕೇಳಿಸಿತಾ? ಎರಡು ಸಲವೂ ಒತ್ತಿದ್ದು ಅದೇ ನಾಲ್ಕು ಕೀ. ಮೆಲ್ಲಗೆ ಒತ್ತಿದಾಗ ಗಂಟೆಯ ಹಾಗೆ ತಿಳಿಯಾದ ದನಿ ಬಂತು. ಜೋರಾಗಿ ಒತ್ತಿದಾಗ ವಾಲ್ಯೂಮ್ ಏರಿದ್ದಷ್ಟೇ ಅಲ್ಲ, ದನಿಯೇ ಒರಟಾಯಿತು. ರೋಡ್ಸ್ ಎಲೆಕ್ಟ್ರಿಕ್ ಪಿಯಾನೋದ ಜೀವ ಇರುವುದು ಈ ಎರಡರ ನಡುವೆ. ಸಾಫ್ಟ್‌ವೇರ್‌ನಲ್ಲಿ ಸುಲಭವಾಗಿ ಕಳೆದುಹೋಗುವುದೂ ಅದೇ.

ನಮಸ್ಕಾರ. ನಿಜವಾದ ವಾದ್ಯದ ಒಂದೊಂದು ಸ್ವರವನ್ನೂ ರೆಕಾರ್ಡ್ ಮಾಡಿ, ಕಂಪ್ಯೂಟರ್‌ನಲ್ಲಿ ನುಡಿಸಲು ಜೋಡಿಸಿಟ್ಟದ್ದೇ ಸ್ಯಾಂಪಲ್ ಲೈಬ್ರರಿ. ಇವತ್ತು ರೋಡ್ಸ್ ಸ್ಯಾಂಪಲ್ ಲೈಬ್ರರಿಗಳ ಒಳಗೆ ಏನಿರುತ್ತದೆ, ದುಡ್ಡು ಕೊಡುವ ಮುಂಚೆ ಏನು ನೋಡಬೇಕು ಅಂತ ತಿಳಿದುಕೊಳ್ಳೋಣ.

(ಸ್ಕ್ರೀನ್: ಹಳೆಯ ಸೂಟ್‌ಕೇಸ್ ಮಾಡೆಲ್‌ನ ಚಿತ್ರ.)

ಹೆರಾಲ್ಡ್ ರೋಡ್ಸ್ ಅಮೆರಿಕದ ಪಿಯಾನೋ ಮೇಷ್ಟ್ರು. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ, ಗಾಯಗೊಂಡು ಆಸ್ಪತ್ರೆ ಸೇರಿದ್ದ ಸೈನಿಕರಿಗೆ ಹಾಸಿಗೆಯಲ್ಲೇ ನುಡಿಸಲು 29 ಕೀಗಳ ಪುಟ್ಟ ಪಿಯಾನೋ ಮಾಡಿಕೊಟ್ಟರು. ಅದಕ್ಕೆ ಬಳಸಿದ್ದು ಬಿ-17 ಬಾಂಬರ್ ವಿಮಾನದ ಅಲ್ಯೂಮಿನಿಯಂ ಕೊಳವೆಗಳನ್ನು. ಆಮೇಲೆ ಗಿಟಾರ್ ತಯಾರಕ ಲಿಯೋ ಫೆಂಡರ್ ಜೊತೆ ಸೇರಿದರು. 1965ರಲ್ಲಿ ಸ್ಪೀಕರ್ ಸಮೇತ 73 ಕೀಗಳ ಸೂಟ್‌ಕೇಸ್ ಮಾಡೆಲ್ ಬಂತು, 1970ರಲ್ಲಿ ಸ್ಪೀಕರ್ ಇಲ್ಲದ ಸ್ಟೇಜ್ ಮಾಡೆಲ್. ಹರ್ಬಿ ಹ್ಯಾನ್‌ಕಾಕ್, ಚಿಕ್ ಕೊರಿಯಾ ಅಂಥವರ ಕೈಯಲ್ಲಿ ಇದು ಜಾಝ್‌ನ ದನಿಯನ್ನೇ ಬದಲಾಯಿಸಿತು.

(ಸ್ಕ್ರೀನ್: ಮುಚ್ಚಳ ತೆಗೆದ ರೋಡ್ಸ್. ಕ್ಯಾಮೆರಾ ಒಂದೇ ಕೀ ಹತ್ತಿರ.)

ಇಲ್ಲಿ ನೋಡಿ. ಒಳಗೆ ಪಿಯಾನೋ ತಂತಿಗಳೇ ಇಲ್ಲ. ಪ್ರತಿ ಕೀಗೂ ಒಂದು ತೆಳ್ಳನೆಯ ಉಕ್ಕಿನ ಕಡ್ಡಿ ಇದೆ. ಇದಕ್ಕೆ ಟೈನ್ ಅನ್ನುತ್ತಾರೆ. ಅದರ ಜೊತೆಗಿರುವ ದಪ್ಪ ಪಟ್ಟಿ ಟೋನ್‌ಬಾರ್. ಎರಡೂ ಸೇರಿದರೆ ಒಂದು ಕಾಲು ತೆಳ್ಳಗೆ, ಇನ್ನೊಂದು ದಪ್ಪಗೆ ಇರುವ ಟ್ಯೂನಿಂಗ್ ಫೋರ್ಕ್. ಟೈನ್ ಮೇಲೆ ಸಣ್ಣ ಸ್ಪ್ರಿಂಗ್ ಕಾಣಿಸ್ತಿದೆ ಅಲ್ವಾ? ಅದನ್ನು ಆಚೀಚೆ ಸರಿಸಿ ಶ್ರುತಿ ಮಾಡುತ್ತಾರೆ.

ಕೀ ಒತ್ತಿದರೆ ಹ್ಯಾಮರ್ ಬಂದು ಟೈನ್‌ಗೆ ಹೊಡೆಯುತ್ತದೆ. ಟೈನ್ ತುದಿಯ ಎದುರಿಗೇ ಗಿಟಾರ್‌ನಲ್ಲಿ ಇರುವಂಥ ಮ್ಯಾಗ್ನೆಟಿಕ್ ಪಿಕಪ್ ಇದೆ. ಟೈನ್ ಪಿಕಪ್‌ನ ನಟ್ಟನಡುವೆ ನಿಂತಿದ್ದರೆ ಒಂದು ಆಕ್ಟೇವ್ ಮೇಲಿನ ಸ್ವರವೇ ಜಾಸ್ತಿ ಕೇಳಿಸುತ್ತದೆ. ಕೂದಲೆಳೆಯಷ್ಟು ಮೇಲೆ ಸರಿಸಿದರೆ ಮೂಲ ಸ್ವರ ತುಂಬಿ ಬರುತ್ತದೆ. ಪಿಕಪ್ ಹತ್ತಿರ ತಂದು ಜೋರಾಗಿ ನುಡಿಸಿದರೆ ಆ ಒರಟು ದನಿ. ಕೀಬೋರ್ಡ್ ವಾದಕರು ಇದಕ್ಕೆ ಬಾರ್ಕ್ ಅನ್ನುತ್ತಾರೆ.

ಹಾಗಾಗಿ ಯಾವ ಎರಡು ರೋಡ್ಸ್‌ಗಳೂ ಒಂದೇ ಥರ ಕೇಳಿಸುವುದಿಲ್ಲ. ಸ್ಯಾಂಪಲ್ ಲೈಬ್ರರಿ ಕೊಳ್ಳುವಾಗ ನೀವು ಕೊಳ್ಳುವುದು ಒಂದು ಪಿಯಾನೋವನ್ನು, ಒಬ್ಬ ಟೆಕ್ನಿಷಿಯನ್ ಅದನ್ನು ಸೆಟ್ ಮಾಡಿದ ರೀತಿಯನ್ನು.

(ಸ್ಕ್ರೀನ್: ಸ್ಯಾಂಪಲರ್ ವಿಂಡೋ, ವೆಲಾಸಿಟಿ ಲೇಯರ್‌ಗಳು.)

ಈಗ ಲೆಕ್ಕ. 73 ಕೀಗಳನ್ನು ಮೆಲ್ಲಗಿನಿಂದ ಜೋರಿನವರೆಗೆ ಹತ್ತು ಹದದಲ್ಲಿ ರೆಕಾರ್ಡ್ ಮಾಡಿದರೆ 730 ರೆಕಾರ್ಡಿಂಗ್. ಒಂದೊಂದು ಹದವೂ ಒಂದು ಲೇಯರ್. 24 ಬಿಟ್, 48 ಕಿಲೋಹರ್ಟ್ಸ್, ಮೋನೋ, ಒಂದೊಂದೂ 10 ಸೆಕೆಂಡ್ ಅಂದುಕೊಂಡರೂ 1 ಜಿಬಿ ಮುಟ್ಟುತ್ತದೆ. ಕೀ ಬಿಟ್ಟಾಗ ಡ್ಯಾಂಪರ್ ಕೂರುವ ಸದ್ದು, ಪೆಡಲ್ ಸದ್ದು ಬೇರೆ. ಆದರೆ ಜಿಬಿ ನೋಡಿ ಮರುಳಾಗಬೇಡಿ. ಲೇಯರ್‌ನಿಂದ ಲೇಯರ್‌ಗೆ ಹೋಗುವಾಗ ದನಿ ಹೇಗೆ ಬದಲಾಗುತ್ತದೆ ಅನ್ನುವುದೇ ಮುಖ್ಯ.

ಅದನ್ನು ಪರೀಕ್ಷಿಸುವುದು ಸುಲಭ. ಡೆಮೊ ಹಾಕಿಕೊಳ್ಳಿ. ಪಿಯಾನೋ ರೋಲ್‌ನಲ್ಲಿ, ಅಂದರೆ ಸಂಗೀತದ ಸಾಫ್ಟ್‌ವೇರ್‌ನಲ್ಲಿ ಸ್ವರ ಬರೆಯುವ ವಿಂಡೋದಲ್ಲಿ, ಒಂದೇ ಸ್ವರವನ್ನು ಸಾಲಾಗಿ ಬರೆಯಿರಿ, ವೆಲಾಸಿಟಿ (ಕೀ ಎಷ್ಟು ಜೋರಾಗಿ ಒತ್ತಿದೆ ಅನ್ನುವ ಅಳತೆ) 1ರಿಂದ 127ರವರೆಗೆ ಮೆಟ್ಟಿಲಿನಂತೆ ಏರಲಿ.

(ಆಡಿಯೋ: ಎರಡು ಲೈಬ್ರರಿಗಳಲ್ಲಿ ಅದೇ ಪರೀಕ್ಷೆ.)

ಮೊದಲನೆಯದರಲ್ಲಿ ನಡುವೆ ದನಿ ಥಟ್ಟನೆ ಬೇರೆ ಆಯಿತು. ನುಡಿಸುವಾಗ ಇದು ಬೆರಳಿಗೇ ಗೊತ್ತಾಗುತ್ತದೆ. ಎರಡನೆಯದು ನಯವಾಗಿ ಏರಿತು. ಕೆಲವು ಲೈಬ್ರರಿಗಳು ಈ ಜಿಗಿತ ಮುಚ್ಚಲು ಎರಡು ಲೇಯರ್‌ಗಳನ್ನು ಒಟ್ಟಿಗೆ ನುಡಿಸುತ್ತವೆ. ಆಗ ಎರಡು ಪಿಯಾನೋ ಸೇರಿ ನುಡಿದ ಹಾಗೆ ದನಿ ತೆಳುವಾಗಬಹುದು, ಕಿವಿಗೊಟ್ಟು ಕೇಳಿ. ಜಿಗಿತ ಯಾವ ಲೈಬ್ರರಿಯಲ್ಲೂ ಒಪ್ಪುವಷ್ಟು ಕಡಿಮೆ ಇಲ್ಲ ಅನಿಸಿದರೆ, ನಿಮ್ಮ ಕೀಬೋರ್ಡ್‌ನ ವೆಲಾಸಿಟಿ ಕರ್ವ್, ಅಂದರೆ ಎಷ್ಟು ಒತ್ತಿದರೆ ಎಷ್ಟು ವೆಲಾಸಿಟಿ ಅನ್ನುವ ಸೆಟ್ಟಿಂಗ್, ಬದಲಿಸಿ ನೋಡಿ. ಎಷ್ಟೋ ಸಲ ತೊಂದರೆ ಇರುವುದು ಅಲ್ಲೇ.

ಸ್ಯಾಂಪಲ್‌ಗೆ ಒಂದು ಮಿತಿ ಇದ್ದೇ ಇದೆ. ನಿಜವಾದ ರೋಡ್ಸ್‌ನಲ್ಲಿ ಒಂದೇ ಕೀಯನ್ನು ಬೇಗಬೇಗ ಒತ್ತಿದರೆ, ಇನ್ನೂ ಅಲುಗುತ್ತಿರುವ ಟೈನ್‌ಗೇ ಹ್ಯಾಮರ್ ಮತ್ತೆ ಬಡಿಯುತ್ತದೆ. ಪ್ರತಿ ಏಟೂ ಬೇರೆ ಕೇಳಿಸುತ್ತದೆ. ಸ್ಯಾಂಪಲ್ ಎಂದರೆ ಸುಮ್ಮನಿದ್ದ ಟೈನ್‌ಗೆ ಬಿದ್ದ ಮೊದಲ ಏಟು. ರೌಂಡ್ ರಾಬಿನ್, ಅಂದರೆ ಒಂದೇ ಸ್ವರದ ಹಲವು ರೆಕಾರ್ಡಿಂಗ್‌ಗಳನ್ನು ಸರದಿಯಂತೆ ನುಡಿಸುವ ವ್ಯವಸ್ಥೆ, ಇದ್ದರೆ ಸ್ವಲ್ಪ ವಾಸಿ. ನಿಮ್ಮದು ಫಂಕ್ ಥರದ ಚುರುಕು ನುಡಿಕೆಯಾದರೆ, ಸ್ಯಾಂಪಲ್ ಬಿಟ್ಟು ಲೆಕ್ಕದಿಂದಲೇ ದನಿ ಹುಟ್ಟಿಸುವ ಪಿಯಾನೋಟೆಕ್ ಅಂಥದ್ದನ್ನೂ ಒಮ್ಮೆ ನುಡಿಸಿ ನೋಡಿ. ನಿಧಾನದ ಕಾರ್ಡ್‌ಗಳಿಗೆ ಮಾತ್ರ ನನ್ನ ವೋಟು ಸ್ಯಾಂಪಲ್‌ಗೇ. ಆ ಕಡ್ಡಿಯ ದನಿ ಆರುವ ರೀತಿ ಅಷ್ಟು ಚೆನ್ನಾಗಿ ಉಳಿದಿರುತ್ತದೆ.

ಭಾವಗೀತೆಗೆ ರೋಡ್ಸ್ ಹಾಕುವವರಿಗೆ ಒಂದು ಮಾತು. ಟೈನ್ ಬಾಗುವುದಿಲ್ಲ. ಪಿಚ್ ವೀಲ್ ತಿರುಗಿಸಿ ಗಮಕ ತರಲು ಹೋದರೆ ಅದರ ರೋಡ್ಸ್‌ತನವೇ ಹೋಗುತ್ತದೆ. ಗಮಕ ಹಾಡುವವರಿಗೆ ಬಿಡಿ, ಪಿಯಾನೋ ಕೆಳಗೆ ಕಾರ್ಡ್ ಹಿಡಿದು ನಿಲ್ಲಲಿ. ಬೇಸ್ ಗಿಟಾರ್ ಇದ್ದರೆ ಎಡಗೈಯ ಕೆಳಗಿನ ಸ್ವರಗಳನ್ನು ತೆಗೆದುಬಿಡಿ, ಅರ್ಧ ಮಿಕ್ಸ್ ಅಲ್ಲೇ ತಿಳಿಯಾಗುತ್ತದೆ.

(ಆಡಿಯೋ: ಸ್ಟೀರಿಯೋ ಟ್ರೆಮೊಲೊ, ನಂತರ ಅದೇ ಭಾಗ ಮೋನೋದಲ್ಲಿ.)

ಕೊನೆಯದು ಟ್ರೆಮೊಲೊ, ಅಂದರೆ ವಾಲ್ಯೂಮ್ ಏರಿಳಿಯುವ ಓಲಾಟ. ಸೂಟ್‌ಕೇಸ್ ಮಾಡೆಲ್‌ನಲ್ಲಿ ದನಿ ಎಡಕ್ಕೂ ಬಲಕ್ಕೂ ಓಲಾಡುತ್ತದೆ. ಪ್ಯಾನೆಲ್ ಮೇಲೆ ವೈಬ್ರಾಟೊ ಅಂತ ಬರೆದಿದ್ದರೂ ಶ್ರುತಿ ಅಲುಗುವುದಿಲ್ಲ. ಹೆಡ್‌ಫೋನ್‌ನಲ್ಲಿ ಸೊಗಸು. ಆದರೆ ಎಡಗಡೆ ಇಳಿದಷ್ಟೂ ಬಲಗಡೆ ಏರುವುದರಿಂದ, ಮೋನೋ ಮಾಡಿದರೆ, ಅಂದರೆ ಎಡಬಲ ಎರಡನ್ನೂ ಒಂದಾಗಿ ಸೇರಿಸಿದರೆ, ಎರಡೂ ಸರಿಹೋಗಿ ಟ್ರೆಮೊಲೊ ಮಾಯ. ಒಂದೇ ಸ್ಪೀಕರ್ ಇರುವ ಫೋನ್‌ನಲ್ಲಿ ಕೇಳುವವರಿಗೆ ಅದು ಸಿಗುವುದೇ ಇಲ್ಲ. ಹಾಡಿಗೆ ಆ ಓಲಾಟ ಬೇಕೇ ಬೇಕು ಅಂದರೆ ಮೋನೋ ಟ್ರೆಮೊಲೊ ಆರಿಸಿ, ಓಲಾಟವನ್ನು ಹಾಡಿನ ವೇಗಕ್ಕೆ ಕಟ್ಟಿಹಾಕುವ ಟೆಂಪೊ ಸಿಂಕ್ ಆಫ್ ಮಾಡಿ, ವೇಗವನ್ನು ಕಿವಿಯಿಂದಲೇ ಹೊಂದಿಸಿ.

ವೆಲಾಸಿಟಿ ಪರೀಕ್ಷೆಯ ಮಿಡಿ ಫೈಲ್ ಕೆಳಗೆ ಡಿಸ್ಕ್ರಿಪ್ಷನ್‌ನಲ್ಲಿದೆ. ನಿಮ್ಮ ಲೈಬ್ರರಿಯಲ್ಲಿ ಹಾಕಿ ಕೇಳಿ, ಜಿಗಿತ ಎಲ್ಲಿ ಬಂತು ಅಂತ ಕಾಮೆಂಟ್‌ನಲ್ಲಿ ತಿಳಿಸಿ.