ಟ್ಯಾಬ್ ಆನ್ ಆಗುವ ಮೊದಲು

ಎಲ್ಲರಿಗೂ ನಮಸ್ಕಾರ.

ತರಗತಿಗೆ ಟ್ಯಾಬ್ ಬಂದ ಮೊದಲ ದಿನ ನಾನು ನೇರವಾಗಿ ಪಾಠಕ್ಕೇ ಇಳಿದೆ. ಐದು ನಿಮಿಷ ಆಗಿತ್ತೋ ಇಲ್ಲವೋ, ಒಬ್ಬ ಪಕ್ಕದವನ ಫೋಟೋ ತೆಗೆಯುತ್ತಿದ್ದ. ಇನ್ನೊಬ್ಬಳು ವಾಲ್‌ಪೇಪರ್ ಬದಲಾಯಿಸುತ್ತಿದ್ದಳು. ಮಕ್ಕಳದ್ದೇನೂ ತಪ್ಪಿರಲಿಲ್ಲ. ಹೇಗೆ ಬಳಸಬೇಕು ಅಂತ ನಾನು ಕಲಿಸಿಯೇ ಇರಲಿಲ್ಲ.

ಈಗ ಮೊದಲ ವಾರ ಪಾಠವೇ ಇಲ್ಲ, ಬರೀ ರೂಢಿ ಮಾಡಿಸುವುದು. ಹಾಜರಿ ಸಂಖ್ಯೆಯೇ ಟ್ಯಾಬ್‌ನ ಸಂಖ್ಯೆ. ಎರಡೂ ಕೈಯಲ್ಲಿ ಹಿಡಿದು ತರಬೇಕು, ಮೇಜಿನ ನಡುವೆ ಇಡಬೇಕು. ದಿನವೂ ಅದೇ ಟ್ಯಾಬ್ ಸಿಕ್ಕರೆ ನಿನ್ನೆ ಅರ್ಧ ಬಿಟ್ಟ ಕೆಲಸ ಅಲ್ಲೇ ಇರುತ್ತದೆ. 'ಇದು ನನ್ನದು' ಅನ್ನುವ ಕಾಳಜಿಯೂ ಬರುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ನಿಲ್ಲಿಸುವ ಸೂಚನೆ. ನಾನು ಕೈ ಎತ್ತಿ 'ಮುಖ ಕೆಳಗೆ' ಅನ್ನುತ್ತೇನೆ. ಎಲ್ಲರೂ ಟ್ಯಾಬ್ ಬೋರಲು ಹಾಕಬೇಕು. ಸುಮ್ನೆ ಪಕ್ಕಕ್ಕೆ ಸರಿಸಿದರೆ ಸಾಲದು, ಪರದೆ ಕಾಣುತ್ತಿದ್ದರೆ ಕಣ್ಣು ಅಲ್ಲಿಗೇ ಹೋಗುತ್ತದೆ. ದೊಡ್ಡವರದ್ದೂ ಹಾಗೇ ಅಲ್ವಾ? ಗಮನ ಒಮ್ಮೆ ಚದುರಿದರೆ ಮತ್ತೆ ಪಾಠಕ್ಕೆ ಮರಳಲು 20 ನಿಮಿಷದವರೆಗೂ ಬೇಕಾಗಬಹುದು ಅಂತ 2023ರ ಯುನೆಸ್ಕೋ ಶಿಕ್ಷಣ ವರದಿಯಲ್ಲಿದೆ. ಒಂದು ಪೀರಿಯಡ್‌ನಲ್ಲಿ ಅಷ್ಟು ಹೊತ್ತು ಕಳೆದುಕೊಂಡರೆ ಇನ್ನೇನು ಉಳಿಯುತ್ತದೆ?

ನಾವು ಎಡವುವುದೂ ಇಲ್ಲೇ. ಹೆಚ್ಚಿನ ಮಕ್ಕಳು ಬೋರಲು ಹಾಕಿದ ಕೂಡಲೇ ಮಾತು ಶುರು ಮಾಡಿಬಿಡುತ್ತೇವೆ. ಉಳಿದ ಇಬ್ಬರು ಮೂವರು ಆಡುತ್ತಲೇ ಇರುತ್ತಾರೆ. ಮರುದಿನ ಅವರು ಎಂಟು ಮಂದಿ ಆಗುತ್ತಾರೆ. ಕೊನೆಯ ಟ್ಯಾಬ್ ಮಗುಚುವವರೆಗೆ ದಯವಿಟ್ಟು ಬಾಯಿ ತೆರೆಯಬೇಡಿ. ಗದರುವುದೂ ಬೇಡ, ಕಾಯಿರಿ ಸಾಕು.

ಚಿಕ್ಕ ಮಕ್ಕಳಿಗೆ ಐಪ್ಯಾಡ್‌ನ ಗೈಡೆಡ್ ಆಕ್ಸೆಸ್, ಆಂಡ್ರಾಯ್ಡ್‌ನ ಸ್ಕ್ರೀನ್ ಪಿನ್ನಿಂಗ್ ಬಳಸಿ. ಒಂದೇ ಆ್ಯಪ್‌ನಲ್ಲಿ ಉಳಿಯುತ್ತಾರೆ. ದೊಡ್ಡ ಮಕ್ಕಳಿಗೆ ಇದನ್ನೇ ನೆಚ್ಚಿಕೊಳ್ಳುವುದು ನನಗೆ ಇಷ್ಟವಿಲ್ಲ. ಬೀಗ ತೆಗೆದ ಮೇಲೂ ಅವರು ಸರಿಯಾಗಿ ಬಳಸಬೇಕಲ್ಲ. ಅಂಥ ತರಗತಿಯಲ್ಲಿ ನಾನು ಹಲಗೆಯ ಮುಂದೆ ನಿಲ್ಲುವುದಕ್ಕಿಂತ ಮಕ್ಕಳ ಬೆನ್ನ ಹಿಂದೆ ಓಡಾಡುವುದೇ ಜಾಸ್ತಿ. ಕೇಳದೆ ಯಾರ ಫೋಟೋವನ್ನೂ ತೆಗೆಯುವಂತಿಲ್ಲ, ಇದರಲ್ಲಿ ಮಾತ್ರ ರಿಯಾಯಿತಿ ಇಲ್ಲ.

ಒಮ್ಮೆ ಒಬ್ಬ ಹುಡುಗಿ ಇಡೀ ಪೀರಿಯಡ್ ಕಪ್ಪು ಪರದೆಯ ಮೇಲೆ ಬೆರಳಾಡಿಸುತ್ತಾ ಕೂತಿದ್ದಳು. ಚಾರ್ಜ್ ಮುಗಿದಿತ್ತು. 'ಚಾರ್ಜ್ ಇಲ್ಲದಿದ್ದರೆ ಬೈಸಿಕೊಳ್ಳುತ್ತೀರಿ' ಅಂತ ನಾನೇ ಹೇಳಿದ್ದೆ, ಅದಕ್ಕೆ ಹೆದರಿ ಬಾಯಿ ಬಿಟ್ಟಿರಲಿಲ್ಲ. ಅವತ್ತೇ ಆ ನಿಯಮ ತೆಗೆದೆ. ಈಗ ಟ್ಯಾಬ್ ಆನ್ ಮಾಡಿದ ಕೂಡಲೇ ಎಲ್ಲರೂ ಬ್ಯಾಟರಿ ನೋಡುತ್ತಾರೆ. 20ಕ್ಕಿಂತ ಕಡಿಮೆ ಇದ್ದವರು ಕೈ ಎತ್ತುತ್ತಾರೆ, ಪಕ್ಕದವರ ಜೊತೆ ಸೇರಿ ಕೆಲಸ ಮಾಡುತ್ತಾರೆ. ಅವಳೂ ಎತ್ತುತ್ತಾಳೆ.